ಕಂಠ ಬದಲಾದ ಮೇಲೆ: ಗಂಗೂಬಾಯಿ ಹಾನಗಲ್ ಅವರ ಬದುಕು ಮತ್ತು ಹಾಡುಗಾರಿಕೆ

(ರಾಯಚೂರು ಜಿಲ್ಲೆಯ ಮುಕ್ಕುಂದದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಹಾಡುವ ಹೆಣ್ಣುಮಕ್ಕಳ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಲಾಯಿತು. ಜಗತ್ತಿನ ದೊಡ್ಡ ರಂಗಗಾಯಕಿಯರ ಹೆಸರು ಬಂದಾಗ ಜನ ಮೊದಲು ಇಟಲಿಯ ಕಡೆ ನೋಡುತ್ತಾರೆ. ಅಲ್ಲಿನ ಒಪೆರಾ ಎಂಬ ಗೀತನಾಟಕದಲ್ಲಿ ಅತಿ ಎತ್ತರದ ಸ್ವರಗಳಲ್ಲಿ ಹಾಡುವ ಹೆಣ್ಣುದನಿಯನ್ನು ಸೊಪ್ರಾನೊ ಎನ್ನುತ್ತಾರೆ. ಅಂಥ ಒಬ್ಬರ ಬದುಕನ್ನು ನಾನು ಇಂದು ಮುಟ್ಟುತ್ತೇನೆ. ಆದರೆ ನನ್ನ ಮಾತಿನ ನಡುಮನೆ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿದೆ. ಅಲ್ಲಿ ಬೆಳೆದ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಬದುಕು ನಮಗೆ ಭಾಷೆಯಿಂದ ಹತ್ತಿರ, ನೆಲದಿಂದ ಹತ್ತಿರ, ನೋವಿನಿಂದ ಇನ್ನೂ ಹತ್ತಿರ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಒಳ್ಳೆಯ ಕಂಠ ದೇವರ ಕೊಡುಗೆ ಎಂದು ಕೈಮುಗಿದು ನಾವು ಸುಮ್ಮನಾಗುತ್ತೇವೆ. ಗಂಗೂಬಾಯಿಯವರ ಬದುಕು ಬೇರೆಯದನ್ನೇ ಹೇಳುತ್ತದೆ. ಹುಟ್ಟಿನಿಂದ ಬಂದ ಕಂಠ ಅವರಿಂದ ದೂರವಾಯಿತು. ಉಳಿದ ಕಂಠವನ್ನು ಅವರು ದುಡಿದು ದೊಡ್ಡದು ಮಾಡಿದರು. ಆ ದುಡಿಮೆಗೆ ಒಬ್ಬ ತಾಯಿ ಬೇಕಾದಳು, ಒಬ್ಬ ಗುರು ಬೇಕಾದರು, ಕೂತು ಕೇಳುವ ಊರುಗಳು ಬೇಕಾದವು. ಇವಿಷ್ಟು ಒದಗಿದ ಕಡೆ ಗಾಯಕಿ ಹುಟ್ಟುತ್ತಾಳೆ. ಒದಗದ ಕಡೆ ಎಷ್ಟು ಕಂಠಗಳು ಹುಟ್ಟಿ ಹಾಗೆಯೇ ಹೋದವೋ ಯಾರೂ ಬರೆದಿಡುವುದಿಲ್ಲ.

೧. ರಂಗದ ಮೇಲೆ ಹೆಣ್ಣುದನಿ

ಒಪೆರಾ ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಹದಿನಾರನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಮೊದಮೊದಲು ಅದು ಅರಮನೆಗಳ ಒಳಗಿನ ವೈಭವವಾಗಿತ್ತು. ೧೬೩೭ರಲ್ಲಿ ವೆನಿಸ್ ನಗರದಲ್ಲಿ ಹಣ ಕೊಟ್ಟವರೆಲ್ಲ ಒಳಗೆ ಬಂದು ನೋಡಬಹುದಾದ ಮೊದಲ ಒಪೆರಾ ಮಂದಿರ ತೆರೆಯಿತು. ಆದರೆ ಪೋಪರ ಆಳ್ವಿಕೆಯಿದ್ದ ರೋಮಿನಲ್ಲಿ ಹೆಂಗಸರು ರಂಗವೇರುವಂತಿರಲಿಲ್ಲ. ಹೆಣ್ಣಿನ ಪಾತ್ರದ ಎತ್ತರದ ಹಾಡುಗಳಿಗಾಗಿ ಚಿಕ್ಕ ಗಂಡುಹುಡುಗರಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಅವರ ದನಿ ಒಡೆಯದಂತೆ ತಡೆಯುವ ಕ್ರೂರ ಪದ್ಧತಿ ಬೆಳೆಯಿತು. ಹೆಣ್ಣುದನಿ ಬೇಕು, ಹೆಣ್ಣು ಬೇಡ ಎಂಬ ಈ ಕಟ್ಟಳೆಗೆ ಎಷ್ಟೋ ಮಕ್ಕಳ ದೇಹ ಬಲಿಯಾಯಿತು.

ನಮ್ಮ ಕಡೆಯೂ ರಂಗದ ಮೇಲೆ ಹೆಣ್ಣು ಬರಲು ಬಹಳ ಕಾಲ ಹಿಡಿಯಿತು. ನಮ್ಮಲ್ಲಿ ಅಂಥ ಶಸ್ತ್ರಚಿಕಿತ್ಸೆ ಇರಲಿಲ್ಲ. ಗಂಡಸರೇ ಸೀರೆಯುಟ್ಟು ಹೆಣ್ಣಾಗಿ ಹಾಡಿದರು. ಮರಾಠಿ ಸಂಗೀತ ನಾಟಕದ ಬಾಲಗಂಧರ್ವರ ಹೆಸರನ್ನು ನೀವು ಕೇಳಿರುತ್ತೀರಿ. ಅದೇ ರಂಗದ ಮೇಲೆ ಹೆಣ್ಣುಪಾತ್ರಗಳಲ್ಲಿ ಹಾಡಿ ಹೆಸರಾದ ಇನ್ನೊಬ್ಬರು ಕನ್ನಡಿಗರಾದ ಕುಂದಗೋಳದ ರಾಮಭಾವು. ೧೮೮೬ರಲ್ಲಿ ಹುಟ್ಟಿದ ಅವರು ಪ್ರಸಿದ್ಧರಾದದ್ದು ಸವಾಯಿ ಗಂಧರ್ವ ಎಂಬ ಹೆಸರಿನಿಂದ. ಇವರೇ ಮುಂದೆ ಗಂಗೂಬಾಯಿಯವರ ಗುರುಗಳಾದರು. ಹೆಣ್ಣಿನ ಪಾತ್ರದಲ್ಲಿ ಮೆರೆದ ಗುರು. ಗಂಡಸಿನ ಗಾಂಭೀರ್ಯವಿದೆ ಎಂದು ಜನ ಹೇಳುವ ದನಿಯ ಶಿಷ್ಯೆ. ಯಾವ ದನಿ ಗಂಡಿನದು, ಯಾವುದು ಹೆಣ್ಣಿನದು ಎಂದು ಸಮಾಜ ಎಳೆದ ಗೆರೆಯನ್ನು ಈ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ದಾಟಿದರು.

ಆ ಕಾಲದಲ್ಲಿ ಜನರ ಎದುರು ಕೂತು ಹಾಡುವ ಹೆಣ್ಣುಮಕ್ಕಳು ಯಾವ ಮನೆಗಳಿಂದ ಬರುತ್ತಿದ್ದರು? ಬಹುಪಾಲು ದೇವದಾಸಿ ಪರಂಪರೆಯ ಮನೆಗಳಿಂದ, ಹಾಡು ಕುಣಿತಗಳೇ ಕಸುಬಾದ ಮನೆಗಳಿಂದ. ದೇವರ ಉತ್ಸವಕ್ಕೆ ಅವರ ಹಾಡು ಬೇಕು, ಶ್ರೀಮಂತರ ಮದುವೆಗೆ ಅವರ ಕಛೇರಿ ಬೇಕು. ಹಾಡು ಮುಗಿದ ಮೇಲೆ ಅವರಿಗೆ ಪಂಕ್ತಿಯಲ್ಲಿ ಎಲೆ ಹಾಕುವವರಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ ಮಾಡಿದ್ದು ೧೯೮೨ರಲ್ಲಿ. ಅಂದರೆ ಗಂಗೂಬಾಯಿಯವರಿಗೆ ಆಗ ಅರವತ್ತೊಂಬತ್ತು ವಯಸ್ಸು.

೨. ಶುಕ್ರವಾರಪೇಟೆಯ ಮನೆ

ಗಂಗೂಬಾಯಿ ಹುಟ್ಟಿದ್ದು ೧೯೧೩ರ ಮಾರ್ಚ್ ೫ರಂದು, ಧಾರವಾಡದಲ್ಲಿ. ಹಾನಗಲ್ಲು ಅವರ ಹಿರಿಯರ ಊರು. ತಾಯಿ ಅಂಬಾಬಾಯಿ, ಕರ್ನಾಟಕ ಸಂಗೀತದ ಗಾಯಕಿ. ತಂದೆ ಚಿಕ್ಕೂರಾವ್ ನಾಡಗೀರ. ಅಜ್ಜಿ ಕಮಲಾಬಾಯಿಯವರೂ ಹಾಡಿದವರೇ. ಶುಕ್ರವಾರಪೇಟೆಯ ಮನೆಯಲ್ಲಿ ಬೆಳೆದ ಹುಡುಗಿಯ ಶಾಲೆ ಐದನೆಯ ಇಯತ್ತೆಗೆ ನಿಂತಿತು. ಆದರೆ ಆ ಮನೆಯೇ ಒಂದು ಶಾಲೆಯಾಗಿತ್ತು. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಮೇರು ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಹಾಡು ಕೇಳಲು ಅಲ್ಲಿಗೆ ಬರುತ್ತಿದ್ದರು. ಮೀರಜಿನಲ್ಲಿ ನೆಲೆಸಿದ್ದ ಖಾನ್ ಸಾಹೇಬರಿಗೆ ಕರ್ನಾಟಕ ಸಂಗೀತದ ಮೇಲೆ ಅಪಾರ ಪ್ರೀತಿ. ಅದರ ಸ್ವರ ಹಾಡುವ ಬಗೆಯನ್ನು ತಮ್ಮ ಗಾಯನಕ್ಕೂ ತಂದುಕೊಂಡವರು ಅವರು. ಎಳೆಯ ಗಂಗೂಬಾಯಿಯ ಹಾಡನ್ನು ಕೇಳಿ, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು ಎಂದು ಹರಸಿದವರೂ ಅವರೇ.

ಮಗಳ ಒಲವು ಹಿಂದೂಸ್ತಾನಿ ಕಡೆಗೆ ತಿರುಗಿತು. ಆಗ ಅಂಬಾಬಾಯಿ ಒಂದು ನಿರ್ಧಾರ ಮಾಡಿದರು. ಮನೆಯಲ್ಲಿ ತಾವು ಕರ್ನಾಟಕ ಪದ್ಧತಿಯಲ್ಲಿ ಹಾಡುತ್ತಿದ್ದರೆ ಮಗಳ ಕಿವಿಗೆ ಎರಡು ದಾರಿ ಬೀಳುತ್ತವೆ, ಅವಳ ಕಲಿಕೆ ಕದಡುತ್ತದೆ ಎಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಯೋಚಿಸಿ ನೋಡಿ. ಹಾಡೇ ಉಸಿರಾಗಿದ್ದ, ಅಬ್ದುಲ್ ಕರೀಂ ಖಾನರಂಥವರು ಬಂದು ಕೂತು ಕೇಳುತ್ತಿದ್ದ ಒಬ್ಬ ಗಾಯಕಿ ತನ್ನ ಕಂಠವನ್ನು ತಾನೇ ಮುಚ್ಚಿಕೊಂಡಳು. ಗಂಗೂಬಾಯಿಯವರ ಹೆಸರಿನ ಪ್ರತಿಯೊಂದು ಪ್ರಶಸ್ತಿಯಲ್ಲೂ ಅಂಬಾಬಾಯಿಯವರ ಪಾಲಿದೆ ಎಂದು ನಾನು ನಂಬಿದ್ದೇನೆ. ೧೯೩೨ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳ ಏಳಿಗೆಯನ್ನು ನೋಡಲು ಅವರು ಉಳಿಯಲಿಲ್ಲ.

ಬಾಲ್ಯದ ಎರಡು ಸಂಗತಿಗಳನ್ನು ಗಂಗೂಬಾಯಿ ಮುಪ್ಪಿನವರೆಗೂ ನೆನೆಯುತ್ತಿದ್ದರು. ಒಂದು, ಪಕ್ಕದ ತೋಟದ ಮಾವಿನಹಣ್ಣಿನ ಸಂಗತಿ. ಮಕ್ಕಳೆಲ್ಲ ಮಾಡುವಂತೆ ಅವರೂ ಹಣ್ಣಿಗೆ ಕೈಹಾಕಿದರು. ತೋಟದವರಿಗೆ ಸಿಟ್ಟು ಬಂದದ್ದು ಕಳುವಿಗಿಂತ ಹೆಚ್ಚಾಗಿ, ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟದ್ದಕ್ಕೆ. ಮುಂದೆ ಅದೇ ಜನ ಅವರನ್ನು ಮನೆಗೆ ಕರೆದು ಸತ್ಕರಿಸಿದರು.

ಇನ್ನೊಂದು, ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ನಾವಿರುವ ಈ ಸೀಮೆ ನಿಜಾಮರ ಹೈದರಾಬಾದಿನಲ್ಲಿ, ಹೊಳೆಯಾಚೆಯ ಬಳ್ಳಾರಿ ಮದ್ರಾಸಿನಲ್ಲಿ, ಧಾರವಾಡ ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿ. ಹನ್ನೊಂದು ವರ್ಷದ ಗಂಗೂಬಾಯಿ ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದರು. ಗಾಂಧೀಜಿಯ ಎದುರು ಹಾಡಿದ ಹೆಮ್ಮೆಯ ಜೊತೆಗೆ ಆ ಹುಡುಗಿಯ ಎದೆಯಲ್ಲಿ ಒಂದು ಅಳುಕೂ ಇತ್ತು: ಊಟದ ಹೊತ್ತಿಗೆ ತನ್ನನ್ನು ಬೇರೆ ಕೂಡಿಸುತ್ತಾರೇನೋ ಎಂದು. ನಾಡು ಒಂದಾಗಬೇಕೆಂದು ಹಾಡಿ ಕೂಗುವ ಹಂದರದೊಳಗೆ ಒಂದು ಮಗು ಪಂಕ್ತಿಯ ಭಯದಲ್ಲಿ ನಿಂತಿತ್ತು. ೧೯೫೬ರಲ್ಲಿ ನಾಡು ಒಂದಾಯಿತು. ಪಂಕ್ತಿಗಳೆಲ್ಲ ಒಂದಾದವೇ ಎಂಬುದನ್ನು ಪ್ರತಿ ಊರೂ ತನ್ನನ್ನು ತಾನು ಕೇಳಿಕೊಳ್ಳಬೇಕು.

೩. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ

೧೯೨೮ರ ಹೊತ್ತಿಗೆ ಕುಟುಂಬ ಹುಬ್ಬಳ್ಳಿಗೆ ಬಂದಿತು. ಅದಕ್ಕೆ ಮುಖ್ಯ ಕಾರಣ ಮಗಳ ಸಂಗೀತವೇ. ಕಿನ್ನರಿ ವಾದಕರಾಗಿದ್ದ ಕೃಷ್ಣಾಚಾರ್ಯ ಹುಲಗೂರರಲ್ಲಿ ಮೊದಲ ಪಾಠಗಳಾದವು. ಹಲವು ಚೀಜುಗಳು, ಅಂದರೆ ಹಿಂದೂಸ್ತಾನಿ ರಚನೆಗಳು, ಬಾಯಿಗೆ ಬಂದವು. ದತ್ತೋಪಂತ ದೇಸಾಯಿಯವರಲ್ಲೂ ಕಲಿತರು. ಹದಿನಾರನೆಯ ವಯಸ್ಸಿಗೆ ವಕೀಲರಾದ ಗುರುರಾವ್ ಕೌಲಗಿಯವರೊಂದಿಗೆ ಸಂಸಾರ ಕೂಡಿತು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಹುಟ್ಟಿದರು. ಕೌಲಗಿಯವರ ವಕೀಲಿ ಕೈಹಿಡಿಯಲಿಲ್ಲ. ಮನೆಯ ಖರ್ಚು ಗಂಗೂಬಾಯಿಯವರ ಹಾಡಿನ ಮೇಲೆಯೇ ನಿಂತಿತು. ಮುಂಬಯಿಯಲ್ಲಿ ಕಛೇರಿ, ರೇಡಿಯೋದಲ್ಲಿ ಹಾಡು, ಎಚ್.ಎಂ.ವಿ. ಕಂಪನಿಯ ಗ್ರಾಮೊಫೋನ್ ತಟ್ಟೆಗಳು. ಮೊದಲಿನ ಕೆಲವು ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು.

ಕೋಲ್ಕತ್ತಾದ ಸಂಗೀತ ಸಮ್ಮೇಳನದ ಪ್ರಸಂಗವೊಂದಿದೆ. ಸಣಕಲು ದೇಹದ, ಸಾದಾ ಸೀರೆಯ ಈ ಹುಡುಗಿ ಅಷ್ಟು ದೊಡ್ಡ ಸಭೆಯನ್ನು ಹಿಡಿದಾಳೆಯೇ ಎಂದು ಅಲ್ಲಿನವರಿಗೆ ಸಂಶಯ ಬಂತು. ಕಛೇರಿಗೆ ಮೊದಲೇ ಒಮ್ಮೆ ಹಾಡಿಸಿ ನೋಡಿದರು. ಅನಂತರ ಸಮ್ಮೇಳನದಲ್ಲಿ ಅವರು ಹಾಡಿದಾಗ ಸಂಶಯಪಟ್ಟವರೇ ತಲೆದೂಗಿದರು. ಮೆಚ್ಚಿದವರಲ್ಲಿ ಹೆಸರಾಂತ ಚಿತ್ರಗಾಯಕ ಕುಂದನ್‌ಲಾಲ್ ಸೈಗಲರೂ ಒಬ್ಬರು.

ಇಷ್ಟು ಹೆಸರು ಬಂದ ಮೇಲೂ ಅವರು ಮತ್ತೆ ಶಿಷ್ಯೆಯಾಗಿ ಕೂತದ್ದು ನನಗೆ ಬಹಳ ದೊಡ್ಡದೆನಿಸುತ್ತದೆ. ೧೯೩೦ರ ದಶಕದ ಕೊನೆಗೆ ಸವಾಯಿ ಗಂಧರ್ವರು ನಾಟಕ ಬಿಟ್ಟು ಊರಿಗೆ ಬಂದಿದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದರು. ಪಾಠ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಮಕ್ಕಳಿದ್ದ ತರುಣಿ ದಿನವೂ ಹೀಗೆ ಓಡಾಡಿದರೆ ಜನ ಆಡದ ಮಾತುಂಟೆ? ಅವರು ಕಿವಿ ಕೊಡಲಿಲ್ಲ. ಅದೇ ಗುರುವಿನ ಮನೆಯಲ್ಲಿ ಗದಗಿನಿಂದ ಬಂದ ಒಬ್ಬ ಹುಡುಗ ನೀರು ಹೊತ್ತು, ಮನೆಗೆಲಸ ಮಾಡಿ ಹಾಡು ಕಲಿಯುತ್ತಿದ್ದ. ಮುಂದೆ ಭಾರತರತ್ನರಾದ ಭೀಮಸೇನ ಜೋಶಿ ಅವರೇ. ಗಂಗೂಬಾಯಿಯವರನ್ನು ಕೊನೆಯವರೆಗೂ ಅಕ್ಕ ಎಂದೇ ಕರೆದರು.

ಸವಾಯಿ ಗಂಧರ್ವರು ಅವಸರ ಅರಿಯದ ಗುರು. ಒಂದು ಪುಟ್ಟ ಸ್ವರಗುಚ್ಛವನ್ನು ಕೊಟ್ಟು, ಅದು ಗಂಟಲಿನಲ್ಲಿ ಕೂರುವವರೆಗೆ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಸ್ವರ ಕೂತಿದೆ ಎಂದು ಅವರಿಗೆ ಅನ್ನಿಸದ ಹೊರತು ಮುಂದಿನದಿಲ್ಲ. ೧೯೪೨ರಲ್ಲಿ ಗುರುಗಳಿಗೆ ಪಾರ್ಶ್ವವಾಯು ಬಡಿಯಿತು. ಒತ್ತಾಗಿ ಕಲಿಯಲು ಸಿಕ್ಕದ್ದು ಕೆಲವೇ ವರ್ಷ. ಆ ಕೆಲವು ವರ್ಷಗಳ ಪಾಠವನ್ನು ಅವರು ಮುಂದಿನ ಅರವತ್ತು ವರ್ಷ ಬೆಳೆಸಿದರು.

೪. ಕಂಠ ಬದಲಾಯಿತು

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ೧೯೩೦ರ ದಶಕದ ಮೊದಲ ತಟ್ಟೆಗಳಲ್ಲಿ ಕೇಳುವ ಗಂಗೂಬಾಯಿ ಮತ್ತು ನಮಗೆ ರೇಡಿಯೋದಲ್ಲಿ ಪರಿಚಯವಾದ ಗಂಗೂಬಾಯಿ ಬೇರೆ ಬೇರೆ ವ್ಯಕ್ತಿಗಳೇ ಎಂದು ಕೇಳುವವರು ಬೆರಗಾಗುತ್ತಾರೆ. ಹಳೆಯ ದನಿ ತೆಳು, ಚೂಪು, ಎತ್ತರ. ಆಗ ಅವರು ಹಗುರ ಹಾಡುಗಳನ್ನೂ ಹಾಡುತ್ತಿದ್ದರು; ಗಾಯಕ ಜಿ.ಎನ್. ಜೋಶಿಯವರೊಂದಿಗೆ ಹಾಡಿದ ಮರಾಠಿ ಯುಗಳಗೀತೆ ಮನೆಮಾತಾಗಿತ್ತು. ಅನಂತರ ಗಂಟಲಿನಲ್ಲಿ ಟಾನ್ಸಿಲ್ ತೊಂದರೆ ಕಾಣಿಸಿತು. ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು, ದಪ್ಪವಾಯಿತು, ಗಂಡಸರ ದನಿಯ ಹತ್ತಿರಕ್ಕೆ ಬಂತು.

ಹಾಡನ್ನೇ ನಂಬಿ ಸಂಸಾರ ನಡೆಸುವ ಹೆಣ್ಣಿಗೆ ಇದು ಎಂಥ ಆಘಾತವೆಂದು ತಾಯಂದಿರು ಊಹಿಸಬಲ್ಲಿರಿ. ಆ ಕಾಲಕ್ಕೆ ಹೆಣ್ಣಿನ ಹಾಡೆಂದರೆ ಇಂಪು, ಕೋಮಲತೆ, ಎತ್ತರ. ಅವು ಮೂರೂ ಒಮ್ಮೆಗೇ ಕೈಬಿಟ್ಟವು. ಹಳೆಯ ದನಿಗಾಗಿ ಹಂಬಲಿಸಿ ಗಂಟಲನ್ನು ಹಿಂಸಿಸಿದ್ದರೆ ಬಹುಶಃ ಇದ್ದದ್ದೂ ಒಡೆಯುತ್ತಿತ್ತು. ಅವರು ಶ್ರುತಿಯನ್ನು ಇಳಿಸಿಕೊಂಡರು. ಹೊಸ ದನಿಗೆ ಯಾವುದು ಹೊಂದುತ್ತದೆಂದು ಹುಡುಕಿದರು. ಹಗುರ ಹಾಡುಗಳನ್ನು ಒಂದೊಂದಾಗಿ ಬಿಟ್ಟು, ರಾಗವನ್ನು ವಿಸ್ತಾರವಾಗಿ ಬೆಳೆಸುವ ಖ್ಯಾಲಿಗೆ ತಮ್ಮನ್ನು ಪೂರ್ತಿ ಒಪ್ಪಿಸಿಕೊಂಡರು.

ಇಲ್ಲಿ ನಮ್ಮ ಸಂಗೀತದ ಒಂದು ದೊಡ್ಡ ಗುಣವನ್ನು ಹೇಳಬೇಕು. ನಮ್ಮಲ್ಲಿ ಆಧಾರಸ್ವರವಾದ ಷಡ್ಜಕ್ಕೆ ಕಟ್ಟಿಟ್ಟ ಜಾಗವಿಲ್ಲ. ಊರ ನಾಟಕದ ತಾಲೀಮಿನಲ್ಲಿ ನೋಡಿದ್ದೀರಿ: ಹಾರ್ಮೋನಿಯಂ ಪೇಟಿಯ ಮಾಸ್ತರರು ಹಾಡುವವರ ಗಂಟಲು ನೋಡಿ ಕರಿ ಒಂದು, ಕರಿ ನಾಲ್ಕು ಎಂದು ಮನೆ ಹಿಡಿಯುತ್ತಾರೆ. ಸಾಮಾನ್ಯವಾಗಿ ಗಂಡಸರಿಗೆ ಕೆಳಗಿನ ಮನೆ, ಹೆಂಗಸರಿಗೆ ಮೇಲಿನ ಮನೆ. ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋದರೂ ರಾಗ ಕೆಡುವುದಿಲ್ಲ; ತಂಬೂರಿಯನ್ನು ಇಳಿಸಿ ಕಟ್ಟಿದರೂ ಮಾರವಾ ರಾಗ ಮಾರವಾ ಆಗಿಯೇ ಉಳಿಯುತ್ತದೆ. ನಮ್ಮ ಸಂಗೀತ ಹಾಡುವವರ ದೇಹವನ್ನು ಕೇಳಿ ತನ್ನ ಮನೆ ಕಟ್ಟಿಕೊಳ್ಳುತ್ತದೆ.

ಒಪೆರಾದಲ್ಲಿ ಹಾಗಿಲ್ಲ. ಅಲ್ಲಿ ಸಂಗೀತಕಾರ ಬರೆದಿಟ್ಟ ಸ್ವರವನ್ನೇ, ಸಾಮಾನ್ಯವಾಗಿ ಬರೆದಿಟ್ಟ ಎತ್ತರದಲ್ಲೇ ಹಾಡಬೇಕು. ಮುಂದೆ ಹತ್ತಾರು ಪಿಟೀಲು, ತುತ್ತೂರಿ, ನಗಾರಿಗಳ ಮೇಳ, ಮೈಕು ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ೧೯೬೬ರಲ್ಲಿ ತೆರೆದ ಮಂದಿರದಲ್ಲಿ ಸುಮಾರು ೩,೮೦೦ ಆಸನಗಳಿವೆ. ಕೊನೆಯ ಸಾಲಿನವರೆಗೂ ಬರಿ ಕಂಠ ಮುಟ್ಟಬೇಕು. ಅದಕ್ಕಾಗಿ ಉಸಿರನ್ನು ಹೊಟ್ಟೆಯಿಂದ ತಾಳಿ ಹಿಡಿದು, ಗಂಟಲು ಬಾಯಿಗಳ ಒಳಗಿನ ಪೊಳ್ಳನ್ನು ಹದ ಮಾಡಿಕೊಂಡು, ಮೇಳದ ಸದ್ದನ್ನು ಸೀಳಿ ಹೋಗುವಂತೆ ದನಿಯನ್ನು ವರ್ಷಗಟ್ಟಲೆ ತಿದ್ದುತ್ತಾರೆ.

ಆ ಲೋಕದ ಒಬ್ಬರನ್ನು ಗಂಗೂಬಾಯಿಯವರ ಪಕ್ಕದಲ್ಲಿ ನಿಲ್ಲಿಸಿ ನೋಡೋಣ. ರೆನಾಟಾ ತೆಬಾಲ್ಡಿ, ೧೯೨೨ರ ಫೆಬ್ರವರಿ ೧ರಂದು ಇಟಲಿಯ ಪೆಸಾರೊದಲ್ಲಿ ಹುಟ್ಟಿದವರು. ತಂದೆ, ತಾಯಿಯನ್ನು ಬಿಟ್ಟುಹೋಗಿದ್ದರು. ತಾಯಿ ಜುಸೆಪ್ಪಿನಾ ಒಬ್ಬರೇ ಸಾಕಿದರು. ಮೂರನೆಯ ವಯಸ್ಸಿಗೆ ಪೋಲಿಯೊ ಬಡಿಯಿತು. ಆಟವಾಡಲಾಗದ ಮಗು ಸಂಗೀತಕ್ಕೆ ಒಲಿಯಿತು. ಪಾರ್ಮಾದಲ್ಲಿ ಕಲಿತು, ಬಳಿಕ ಸ್ವತಃ ಹೆಸರಾಂತ ಗಾಯಕಿಯಾಗಿದ್ದ ಕಾರ್ಮೆನ್ ಮೆಲಿಸ್ ಅವರಲ್ಲಿ ಪಳಗಿ, ಮಹಾಯುದ್ಧದ ನಡುವೆ ೧೯೪೪ರಲ್ಲಿ ರಂಗವೇರಿದರು. ಬಾಂಬಿಗೆ ಸಿಕ್ಕಿ ಹಾಳಾಗಿದ್ದ ಮಿಲಾನಿನ ಲಾ ಸ್ಕಾಲಾ ಮಂದಿರವನ್ನು ಮತ್ತೆ ಕಟ್ಟಿ ೧೯೪೬ರ ಮೇ ೧೧ರಂದು ತೆರೆದಾಗ, ವಾದ್ಯಮೇಳದ ಮಹಾನಿರ್ದೇಶಕ ತೊಸ್ಕನೀನಿ ಆರಿಸಿದ ಹಾಡುಗಾರರಲ್ಲಿ ಇಪ್ಪತ್ತನಾಲ್ಕು ವರ್ಷದ ತೆಬಾಲ್ಡಿ ಇದ್ದರು. ದೇವದೂತೆಯ ದನಿ ಎಂಬ ಹೊಗಳಿಕೆ ಅವರ ಹೆಸರಿಗೆ ಅಂಟಿತು. ೧೯೫೫ರಲ್ಲಿ ಮೆಟ್ರೊಪಾಲಿಟನ್ ರಂಗದಲ್ಲಿ ವೆರ್ಡಿಯ ಒಥೆಲೊದ ಡೆಸ್ಡೆಮೊನಾ ಆಗಿ ನಿಂತರು. ೧೯೫೭ರಲ್ಲಿ ತಾಯಿ ತೀರಿಕೊಂಡರು.

೧೯೬೩ರಲ್ಲಿ ಆ ದನಿಯೂ ಕೈಕೊಟ್ಟಿತು. ಎತ್ತರದ ಸ್ವರಗಳು ಒರಟಾದವು. ತೆಬಾಲ್ಡಿ ರಂಗದಿಂದ ಹಿಂದೆ ಸರಿದು, ಒಂದು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಅಭ್ಯಾಸಕ್ಕೆ ಕೂತರು. ೧೯೬೪ರಲ್ಲಿ ತಿರುಗಿ ಬಂದಾಗ ದನಿ ಮೊದಲಿಗಿಂತ ಗಾಢವಾಗಿತ್ತು. ೧೯೬೬ರಲ್ಲಿ ಲಾ ಜೊಕೊಂಡಾ ಎಂಬ ಒಪೆರಾದ ನಾಯಕಿಯಂಥ ಭಾರದ ಪಾತ್ರವನ್ನು ಎತ್ತಿಕೊಂಡರು. ಆದರೆ ಬರೆದ ಸ್ವರದ ಎತ್ತರವನ್ನು ಇಳಿಸುವ ಅವಕಾಶ ಅವರಿಗೆ ಬಹಳ ಕಡಿಮೆ ಇತ್ತು. ೧೯೭೩ರಲ್ಲಿ ಒಪೆರಾ ರಂಗವನ್ನೂ ೧೯೭೬ರಲ್ಲಿ ಕಛೇರಿಗಳನ್ನೂ ಬಿಟ್ಟರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ೨೦೦೪ರಲ್ಲಿ ತೀರಿಕೊಂಡರು. ಗಂಗೂಬಾಯಿ ಕೊನೆಯ ಕಛೇರಿ ಮಾಡಿದ್ದು ೨೦೦೬ರ ಮಾರ್ಚಿನಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ.

ಇಬ್ಬರಲ್ಲಿ ಯಾರು ದೊಡ್ಡವರೆಂದು ತೂಗಲು ನಾನು ಇದನ್ನು ಹೇಳುತ್ತಿಲ್ಲ. ಇಬ್ಬರ ಹಿಂದೆಯೂ ಒಬ್ಬ ತಾಯಿ ನಿಂತಿದ್ದಳು. ಇಬ್ಬರಿಗೂ ಪಳಗಿಸುವ ಗುರು ಸಿಕ್ಕರು. ದನಿ ಕೈಕೊಟ್ಟಾಗ ಇಬ್ಬರೂ ಹೊಸದಾಗಿ ಕಲಿಯಲು ಕೂತರು. ಇನ್ನು ನಮ್ಮ ಸಂಗೀತ, ಬದಲಾದ ದೇಹಕ್ಕೂ ಮುಪ್ಪಿಗೂ ಜಾಗ ಬಿಟ್ಟುಕೊಟ್ಟಿರುವ ಸಂಗೀತ. ಗಂಗೂಬಾಯಿಯವರು ಆ ಜಾಗವನ್ನು ಪೂರ್ತಿಯಾಗಿ ಬಳಸಿ ತೋರಿಸಿದರು.

೫. ಅವರ ಹಾಡಿನ ಬಗೆ

ಗುರುವಿನಿಂದ ಗಂಗೂಬಾಯಿಯವರಿಗೆ ಬಂದ ಕಿರಾಣಾ ಘರಾಣೆಯ ಜೀವ ಸ್ವರದಲ್ಲಿದೆ. ತಾಳದ ಚಮತ್ಕಾರಕ್ಕಿಂತ, ಮಾತಿನ ಆಟಕ್ಕಿಂತ, ಒಂದು ಸ್ವರ ತನ್ನ ಜಾಗದಲ್ಲಿ ತುಂಬಿ ನಿಲ್ಲುವುದು ಅಲ್ಲಿ ದೊಡ್ಡದು. ಕಾಲುವೆಯ ನೀರನ್ನು ಭತ್ತದ ಗದ್ದೆಗೆ ಬಿಟ್ಟಾಗ ನಿಮ್ಮ ಮಡಿ ತುಂಬುವುದನ್ನು ನೋಡಿದ್ದೀರಲ್ಲ. ಒಂದು ಮಡಿ ಮೂಲೆಮೂಲೆಗೂ ತುಂಬಿದ ಮೇಲೆ ಬದು ಕಡಿದು ಮುಂದಿನ ಮಡಿಗೆ ನೀರು ತಿರುಗಿಸುತ್ತೀರಿ. ಗಂಗೂಬಾಯಿಯವರ ಬಡತ್, ಅಂದರೆ ರಾಗವನ್ನು ಬೆಳೆಸುವ ಬಗೆ, ಹಾಗೆ. ಷಡ್ಜದಲ್ಲಿ ನಿಂತು, ಮಂದ್ರಕ್ಕೆ ಇಳಿದು, ರಾಗದ ಒಂದೊಂದೇ ಸ್ವರವನ್ನು ತುಂಬಿಸುತ್ತ ಮೇಲೇರುತ್ತಿದ್ದರು. ತಾರ ಷಡ್ಜ ಮುಟ್ಟುವ ಹೊತ್ತಿಗೆ ಕೇಳುವವರು ಅದಕ್ಕಾಗಿ ಹಸಿದು ಕೂತಿರುತ್ತಿದ್ದರು. ಅದು ಬಂದಾಗ ಸಭೆಯೆಲ್ಲ ತಲೆಯಾಡಿಸುತ್ತಿತ್ತು.

ಭೈರವ, ಆಸಾವರಿ, ತೋಡಿ, ಭೀಮಪಲಾಸಿ, ಪೂರಿಯಾ, ಮಾರವಾ, ಚಂದ್ರಕೌಂಸ: ಇಂಥ ಗಂಭೀರ ರಾಗಗಳು ಅವರ ದನಿಗೆ ತಕ್ಕವಾಗಿದ್ದವು. ನೂರಾರು ರಾಗ ಹಾಡಿ ಬೆರಗುಗೊಳಿಸುವ ಆಸೆ ಅವರಿಗಿರಲಿಲ್ಲ. ಗುರು ಕೊಟ್ಟ ರಾಗಗಳನ್ನೇ ಆಯುಷ್ಯವಿಡೀ ಅಗೆದರು. ಅವರ ಗಮಕದ ತಾನುಗಳಲ್ಲಿ ತೂಕವಿತ್ತು, ನಯಗಾರಿಕೆಯ ಹಂಗಿರಲಿಲ್ಲ. ಹೆಣ್ಣು ಹೀಗೆ ಹಾಡಬೇಕು ಎಂದು ಅಚ್ಚು ಮಾಡಿಟ್ಟಿದ್ದ ಕಾಲದಲ್ಲಿ, ಹೆಣ್ಣಿನ ಕಂಠದಲ್ಲಿ ಗಾಂಭೀರ್ಯಕ್ಕೆ, ಕೆಚ್ಚಿಗೆ, ವೈರಾಗ್ಯಕ್ಕೆ ಜಾಗವಿದೆ ಎಂದು ಅವರ ಮಾರವಾ ತೋರಿಸಿತು. ನನ್ನ ಮಟ್ಟಿಗೆ ಅದು ಅವರು ನಾಡಿಗೆ ಕೊಟ್ಟ ಅತಿ ದೊಡ್ಡ ಕಾಣಿಕೆ.

೬. ಮನೆ ಮತ್ತು ಮನ್ನಣೆ

ಗುರುರಾವ್ ಕೌಲಗಿಯವರು ೧೯೬೬ರಲ್ಲಿ ತೀರಿಕೊಂಡರು. ಮಗಳು ಕೃಷ್ಣಾ ತಾಯಿಯ ಹಿಂದೆ ತಂಬೂರಿ ಹಿಡಿದು ಕೂತು, ತಾಯಿಯ ಸ್ವರಕ್ಕೆ ಸ್ವರ ಕೂಡಿಸಿ ದಶಕಗಳ ಕಾಲ ಹಾಡಿದರು. ತಬಲಾ ವಾದಕ ಶೇಷಗಿರಿ ಹಾನಗಲ್ ಸಾಥ್ ನೀಡಿದರು. ಸ್ವತಂತ್ರವಾಗಿ ಹಾಡಬಲ್ಲ ಕೃಷ್ಣಾ ತಾಯಿಯ ಹಿಂದೆ ಕೂರುವುದನ್ನೇ ಆಯ್ದುಕೊಂಡರು. ಅಂಬಾಬಾಯಿ ಮಗಳಿಗಾಗಿ ಹಾಡು ಬಿಟ್ಟರು. ಕೃಷ್ಣಾ, ತಾಯಿಗಾಗಿ ತಮ್ಮ ಹಾಡನ್ನು ತಾಯಿಯ ಹಾಡಿನಲ್ಲಿ ಸೇರಿಸಿದರು. ಗಂಗೂಬಾಯಿಯವರ ಹಾಡುಗಾರಿಕೆಯನ್ನು ಹೊತ್ತವರು ಮೂರು ತಲೆಮಾರಿನ ಹೆಣ್ಣುಮಕ್ಕಳು. ೨೦೦೩ರಲ್ಲಿ ಗಂಗೂಬಾಯಿ ಮೂಳೆಮಜ್ಜೆಯ ಕ್ಯಾನ್ಸರಿನಿಂದ ಚೇತರಿಸಿಕೊಂಡರು. ಮರುವರ್ಷ ಮಗಳನ್ನು ಕಳೆದುಕೊಂಡರು. ಅಂಥ ದುಃಖದ ಅನಂತರವೂ ೨೦೦೬ರಲ್ಲಿ ಹಾಡಿದರು.

ಮನ್ನಣೆಗಳು ಒಂದೊಂದಾಗಿ ಬಂದವು. ೧೯೭೧ರಲ್ಲಿ ಪದ್ಮಭೂಷಣ, ೧೯೭೩ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ೧೯೯೬ರಲ್ಲಿ ಅದೇ ಅಕಾಡೆಮಿಯ ಫೆಲೋಶಿಪ್, ೨೦೦೨ರಲ್ಲಿ ಪದ್ಮವಿಭೂಷಣ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾಗಿದ್ದರು. ತಮ್ಮ ಬದುಕನ್ನು ‘ನನ್ನ ಬದುಕಿನ ಹಾಡು’ ಎಂಬ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಮುಕ್ಕುಂದದ ಪ್ರತಿ ಹೆಣ್ಣುಮಗಳೂ ಅದನ್ನು ಓದಬೇಕು. ೨೦೦೯ರ ಜುಲೈ ೨೧ರಂದು ಅವರು ತೀರಿಕೊಂಡಾಗ ತೊಂಬತ್ತಾರು ವರ್ಷ. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ೨೦೧೪ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಅವರ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ.

೭. ನಮ್ಮ ಊರಿಗೆ ಇದರಿಂದ ಏನು?

ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆಯಲ್ಲಿ ಭತ್ತ ಬೆಳೆಯಿತು, ಕೈಯಲ್ಲಿ ಹಣ ಓಡಾಡಿತು. ಸಂಗೀತವೂ ಈ ಜಿಲ್ಲೆಗೆ ಹೊಸದಲ್ಲ. ವಚನಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರು ನಮ್ಮ ರಾಯಚೂರಿನವರು. ಜಿಲ್ಲಾ ಕೇಂದ್ರದ ರಂಗಮಂದಿರಕ್ಕೆ ಅವರದೇ ಹೆಸರು. ಜಾತ್ರೆ, ಉರುಸು, ಹಬ್ಬ ಬಂದರೆ ನಮ್ಮ ಊರುಗಳಲ್ಲಿ ಇಂದಿಗೂ ಸಾಮಾಜಿಕ ನಾಟಕ ಕಟ್ಟುತ್ತಾರೆ. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಗಂಡುಪಾತ್ರಗಳಿಗೆ ಊರ ಹುಡುಗರು. ಹೆಣ್ಣುಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ.

ಆ ಹೆಣ್ಣುಮಕ್ಕಳನ್ನು ಗಮನಿಸಿ ನೋಡಿದ್ದೀರಾ? ಬಸ್ಸು ಹತ್ತಿ ಬಂದು, ಸಂಜೆ ಒಮ್ಮೆ ಪೇಟಿಯ ಜೊತೆ ಹಾಡು ಕೂಡಿಸಿ, ರಾತ್ರಿಯಿಡೀ ನಿಂತು ಹಾಡಿ, ಬೆಳಗಿನ ಬಸ್ಸಿಗೆ ಇನ್ನೊಂದು ಊರಿಗೆ ಹೊರಡುತ್ತಾರೆ. ಒಂದೇ ವಾರದಲ್ಲಿ ಬೇರೆ ಬೇರೆ ನಾಟಕಗಳ ಮಾತು, ಹಾಡು ಅವರ ನಾಲಿಗೆಯ ಮೇಲಿರಬೇಕು. ಅದು ಸಣ್ಣ ವಿದ್ಯೆಯಲ್ಲ. ಹಾಗಿದ್ದೂ ಅವರು ಹಾಡುವಾಗ ಕೆಳಗಿನಿಂದ ಏಳುವ ಮಾತುಗಳನ್ನು, ನೋಟು ಕೊಡುವ ನೆಪದಲ್ಲಿ ರಂಗಕ್ಕೆ ಏರುವವರ ನಡತೆಯನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಸುಮ್ಮನಿದ್ದೇವೆ. ಶುಕ್ರವಾರಪೇಟೆಯ ಹುಡುಗಿಯನ್ನು ಮಾವಿನ ತೋಟದಿಂದ ಓಡಿಸಿದ ಮನಸ್ಸು ಇದೇ. ಆಕೆ ಗಂಗೂಬಾಯಿಯಾದ ಮೇಲೆ ಸನ್ಮಾನ ಮಾಡುವುದು ಸುಲಭ. ಆಗುವ ಮೊದಲೇ ಗೌರವ ಕೊಡುವುದು ನಮಗೆ ಇನ್ನೂ ಬಂದಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ಮೂರು ಕೋರಿಕೆ ಇಡುತ್ತೇನೆ.

ಮೊದಲನೆಯದು, ನಾಟಕ ಕಟ್ಟುವ ಸಂಘಗಳಿಗೆ. ಊರಿಗೆ ಬರುವ ಕಲಾವಿದೆಗೆ ಇಳಿದುಕೊಳ್ಳಲು ಸುರಕ್ಷಿತವಾದ ಒಂದು ಮನೆ, ಮನೆಯವರ ಜೊತೆ ಕೂತು ಊಟ, ಮಾತಾಡಿದ ಸಂಭಾವನೆ ರಂಗ ಏರುವ ಮೊದಲೇ ಕೈಗೆ. ನಾಟಕ ನಡೆಯುವಾಗ ಪಾತ್ರಧಾರಿಗಳ ಹೊರತು ಯಾರೂ ರಂಗ ಏರಕೂಡದು ಎಂದು ಸಂಘವೇ ಕಟ್ಟು ಮಾಡಲಿ.

ಎರಡನೆಯದು, ತಾಯಿತಂದೆಯರಿಗೆ. ನಿಮ್ಮ ಮಗಳು ಸೋಬಾನೆ, ತತ್ವಪದ, ಭಜನೆ ಯಾವುದನ್ನಾದರೂ ಶ್ರುತಿ ಬಿಡದೆ ಹಾಡುತ್ತಿದ್ದರೆ, ಮದುವೆಯಾಗುವವರೆಗೆ ಹಾಡಲಿ ಎಂದು ಬಿಡಬೇಡಿ, ಕಲಿಸಿ. ಅವಳ ದನಿ ದಪ್ಪ, ಗಂಡುದನಿ ಎಂದು ಯಾರಾದರೂ ಹೀಯಾಳಿಸಿದರೆ ಗಂಗೂಬಾಯಿಯವರ ಹಾಡನ್ನು ಅವಳಿಗೆ ಕೇಳಿಸಿ. ಹಾಡಿಗೆ ಒಗ್ಗದ ಕಂಠ ಎಂಬುದು ಬಹಳ ಅಪರೂಪ. ಕಂಠಕ್ಕೆ ಒಗ್ಗುವ ಶ್ರುತಿಯನ್ನು ಹುಡುಕಿಕೊಡುವ ಗುರು ಸಿಗಬೇಕು, ಅಷ್ಟೆ.

ಮೂರನೆಯದು, ಈ ದತ್ತಿಯನ್ನು ನಡೆಸುವವರಿಗೆ. ವರ್ಷಕ್ಕೊಂದು ಉಪನ್ಯಾಸ ಒಳ್ಳೆಯದೇ. ಅದರ ಜೊತೆಗೆ ಬಡ್ಡಿಯ ಒಂದು ಪಾಲನ್ನು ಈ ಭಾಗದ ಒಬ್ಬ ಹುಡುಗಿಯ ಸಂಗೀತ ಕಲಿಕೆಗೆ ತೆಗೆದಿಡಿ. ಸಿಂಧನೂರಿಗೆ ಹೋಗಿಬರುವ ಬಸ್ಸಿನ ಖರ್ಚು, ಗುರುವಿನ ಶುಲ್ಕ, ಒಂದು ಪೇಟಿ. ಜಾತಿ ಕೇಳಬೇಡಿ, ದೇವದಾಸಿ ತಾಯಂದಿರ ಮಕ್ಕಳಿದ್ದರೆ ಅವರಿಗೆ ಮೊದಲು ಕೊಡಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಒಬ್ಬ ಹೆಣ್ಣುಮಗಳು ರೈಲಿನಲ್ಲಿ ಓಡಾಡಿದ್ದರಿಂದ ಕನ್ನಡ ನಾಡಿಗೆ ಒಂದು ಮಹಾಕಂಠ ದಕ್ಕಿತು. ಮುಕ್ಕುಂದದಿಂದ ಸಿಂಧನೂರಿಗೆ ಓಡಾಡುವ ಹುಡುಗಿಯ ಖರ್ಚನ್ನು ಈ ಊರು ಹೊರಲಾರದೆ? ಹೊತ್ತೀತು ಎಂಬ ಭರವಸೆ ನನಗಿದೆ. ಮೊದಲ ವರ್ಷದ ಖರ್ಚಿಗೆ ಈ ಉಪನ್ಯಾಸದ ಗೌರವಧನವನ್ನು ಇಲ್ಲಿಯೇ ಒಪ್ಪಿಸುತ್ತಿದ್ದೇನೆ. ಹುಡುಗಿಯನ್ನು ಆರಿಸುವ ಕೆಲಸ ನಿಮ್ಮದು; ಊರ ಜಾತ್ರೆ ಬರುವುದರೊಳಗೆ ಆರಿಸಿ.